ಸಭೆ ಸೇರಿ ಬಿಟ್ಟ ಭಾಷೆ ಮರಳಿ ಬರುವುದುಂಟೇ? ಕೀನ್ಯಾದ ಯಾಕು ಭಾಷೆಯ ಬಗ್ಗೆ

ಪ್ರಶ್ನೆ: ಕೀನ್ಯಾದಲ್ಲಿ ಯಾಕು ಎಂಬ ಸಣ್ಣ ಸಮುದಾಯ 1930ರ ದಶಕದಲ್ಲಿ ಸಭೆ ಸೇರಿ ತನ್ನ ಭಾಷೆಯನ್ನೇ ಬಿಡಲು ತೀರ್ಮಾನಿಸಿತಂತೆ. ಈಗ ಅವರ ಮೊಮ್ಮಕ್ಕಳು ಅದನ್ನು ಮತ್ತೆ ಕಲಿಯಲು ಹೊರಟಿದ್ದಾರೆ ಎಂದು ಓದಿದೆ. ಬೆರಳೆಣಿಕೆಯ ಹಿರಿಯರು ಮತ್ತು ಒಂದೆರಡು ಪದಪಟ್ಟಿ ಬಿಟ್ಟರೆ ಅವರ ಕೈಯಲ್ಲಿ ಏನೂ ಇಲ್ಲ. ಇಷ್ಟರಿಂದ ಒಂದು ಭಾಷೆ ಮರಳಿ ಬರುತ್ತದೆಯೇ? ಇಂಥ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ? ಉಡುಪಿ ಜಿಲ್ಲೆಯಲ್ಲಿ ಕೊರಗ ಬುಡಕಟ್ಟಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮಲ್ಲಿಗೆ ಇದರಿಂದ ಏನಾದರೂ ಉಪಯೋಗವಿದೆಯೇ?

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ನೂರು ವರ್ಷದ ಹಿಂದೆ ಮುಕೊಗೊಡೊ ಕಾಡಿನಲ್ಲಿ ಆಡುತ್ತಿದ್ದ ಯಾಕು ಇದ್ದಂತೆಯೇ ಮರಳುವುದಿಲ್ಲ. ಬರಬಹುದಾದದ್ದು ಇನ್ನೊಂದು. ಅದರ ವಾಕ್ಯದ ಕಟ್ಟು ಬಹುಮಟ್ಟಿಗೆ ಮಸಾಯಿಯದು (ದನ ಸಾಕುವ ಮಸಾಯಿ ಜನರ ಭಾಷೆ, ಯಾಕು ಜನ ಈಗ ಆಡುವುದು ಅದನ್ನೇ), ಅದರೊಳಗೆ ದಟ್ಟವಾಗಿ ಕೂರುವ ಪದಗಳು ಯಾಕುವಿನವು. ಇದನ್ನು ಸೋಲು ಎಂದು ಎಣಿಸಬೇಕಾಗಿಲ್ಲ. ಆದರೆ ಈ ಗುರಿಯನ್ನು ಮೊದಲ ದಿನವೇ ಒಪ್ಪಿಕೊಂಡು ಹೊರಟರೆ ಒಂದು ಬಗೆಯ ಕೆಲಸವಾಗುತ್ತದೆ, ಒಪ್ಪದೆ ಹೊರಟರೆ ಐದು ವರ್ಷದ ಮೇಲೆ ನಿರಾಸೆ ಮಾತ್ರ ಕೈಗೆ ಬರುತ್ತದೆ. ಕಾರಣ ತಿಳಿಯಬೇಕಾದರೆ ಭಾಷೆ ಹೇಗೆ ಹೋಯಿತು ಎಂಬುದನ್ನು ಸರಿಯಾಗಿ ನೋಡಬೇಕು.

ಯಾಕು ಕುಶಿಟಿಕ್ ಗುಂಪಿನ ಭಾಷೆ. ಸೋಮಾಲಿ, ಒರೊಮೊ, ಅಫಾರ್ ಇದೇ ಗುಂಪಿನ ದೊಡ್ಡ ಭಾಷೆಗಳು. ಯಾಕುವನ್ನು ಪೂರ್ವ ಕುಶಿಟಿಕ್ ಶಾಖೆಯಲ್ಲಿ ಇಡುತ್ತಾರೆ. ಅದಕ್ಕೆ ಹತ್ತಿರದ ನೆಂಟರು ನೈಋತ್ಯ ಇಥಿಯೋಪಿಯಾದ ದುಲ್ಲೈ ಭಾಷೆಗಳು ಎಂಬ ವಾದವೂ ಇದೆ. ಆಡುತ್ತಿದ್ದವರು ಮೌಂಟ್ ಕೀನ್ಯಾದ ಉತ್ತರಕ್ಕೆ, ಲೈಕಿಪಿಯಾ ಸೀಮೆಯ ಡೋಲ್ ಡೋಲ್ ಸುತ್ತಲಿನ ಮುಕೊಗೊಡೊ ಎಂಬ ಒಣ ಕಾಡಿನಲ್ಲಿ ಬಂಡೆಯಾಸರೆಗಳಲ್ಲಿ ಬಾಳಿದ ಬೇಟೆಗಾರರು, ಜೇನು ಸಾಕುವವರು. ಮೊಲದಷ್ಟು ಗಾತ್ರದ, ಬಂಡೆಯ ಸಂದಿಯಲ್ಲಿರುವ ಹೈರಾಕ್ಸ್ ಎಂಬ ಪ್ರಾಣಿ, ಕಾಡಿನ ಗೆಡ್ಡೆ-ಹಣ್ಣು ಮತ್ತು ಜೇನು ಅವರ ಆಹಾರ. ಹೆಣ್ಣು ತರುವಾಗ ವಧುದಕ್ಷಿಣೆಯಾಗಿ ಕೊಡುತ್ತಿದ್ದದ್ದು ಜೇನುಗೂಡುಗಳನ್ನು. ಈ ಕೊನೆಯ ಸಂಗತಿಯನ್ನು ನೆನಪಿಡಿ, ಇಡೀ ಕತೆಯ ಕೀಲಿ ಅದರಲ್ಲಿದೆ.

1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಬ್ರಿಟಿಷರು ಮಸಾಯಿಗಳ ನೆಲವನ್ನು ಬಿಳಿಯ ವಲಸಿಗರಿಗಾಗಿ ತೆರವು ಮಾಡಿಸಿದರು. ಲೈಕಿಪಿಯಾದ ಮಸಾಯಿಗಳನ್ನು 1913ರ ಹೊತ್ತಿಗೆ ದಕ್ಷಿಣಕ್ಕೆ ಸಾಗಿಸಿದ್ದಾಯಿತು. ಮಸಾಯಿ ಭಾಷೆಯ ಒಳಬಗೆಗಳನ್ನು ಆಡುವ, ದನ ಸಾಕುವ ಕೆಲವು ಸಣ್ಣ ಗುಂಪುಗಳು ಕಾಲಕ್ರಮದಲ್ಲಿ ಯಾಕು ಜನರ ಅಕ್ಕಪಕ್ಕಕ್ಕೇ ಬಂದು ನೆಲೆಸಿದವು. ಅವರೊಂದಿಗೆ ಮದುವೆ ಸಂಬಂಧ ಬೆಳೆಯಿತು. ಅವರು ಯಾಕು ಹುಡುಗಿಯರಿಗೆ ದನಕುರಿ ಕೊಟ್ಟು ಮದುವೆಯಾಗುತ್ತಿದ್ದರು. ದನಕುರಿ ಸಿಗುವಾಗ ಜೇನುಗೂಡಿಗೆ ಮಗಳನ್ನು ಕೊಡುವ ತಂದೆ ಯಾರು? ಹೀಗಾಗಿ ಯಾಕು ಹುಡುಗನಿಗೂ ಹೆಂಡತಿ ಬೇಕಾದರೆ ದನಕುರಿ ಬೇಕು, ಅದಕ್ಕೆ ದನಗಾಹಿಗಳ ನಂಟು ಬೇಕು, ನಂಟಿಗೆ ಅವರ ಮಾತು ಬೇಕು ಎಂದಾಯಿತು. ಮನೆಗೆ ಬಂದ ಸೊಸೆ ಮಸಾಯಿ ಆಡುವವಳಾದರೆ ಮಕ್ಕಳ ಮೊದಲ ಮಾತು ಮಸಾಯಿಯೇ. ಈ ಬದಲಾವಣೆಯನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಲೀ ಕ್ರಾಂಕ್ ಅದರ ಬಿರುಸಿನ ಅವಧಿಯನ್ನು 1925ರಿಂದ 1936 ಎಂದು ಗುರುತಿಸುತ್ತಾರೆ. ಒಂದೇ ತಲೆಮಾರಿಗಿಂತ ಕಡಿಮೆ ಕಾಲ!

ಇದರ ಮೇಲೆ ಒಂದು ಹೀಯಾಳಿಕೆಯ ಹೆಸರೂ ಇತ್ತು. ದನವಿಲ್ಲದವರನ್ನು, ಬೇಟೆಯಾಡಿ ತಿನ್ನುವವರನ್ನು ಮಸಾಯಿಗಳು ಡೊರೊಬೊ ಎನ್ನುತ್ತಾರೆ. ಬಡವ, ಕೀಳು ಎಂಬ ಧ್ವನಿ ಅದರಲ್ಲಿ ಸೇರಿಯೇ ಇದೆ. ಯಾಕು ಮಾತಾಡಿದರೆ ಡೊರೊಬೊ ಎಂದು ತಾನೇ ಒಪ್ಪಿಕೊಂಡಂತೆ.

ನೀವು ಓದಿದ ಸಭೆಯ ಸಂಗತಿಯನ್ನು ದಾಖಲಿಸಿದವರು ಜರ್ಮನ್ ಭಾಷಾಶಾಸ್ತ್ರಜ್ಞ ಮಥಿಯಾಸ್ ಬ್ರೆಂಜಿಂಗರ್. ದನ ಸಾಕುವವರಿಗೆ ಬೇಟೆಗಾರರ ಭಾಷೆ ತಕ್ಕದ್ದಲ್ಲ, ಮಕ್ಕಳಿಗೆ ಮಸಾಯಿ ಸಾಕು ಎಂದು ಜನ ಸೇರಿ ನಿರ್ಧರಿಸಿದರು ಎಂಬುದು ಅದರ ಸಾರ. ಇಷ್ಟು ಬಹಿರಂಗವಾಗಿ ಭಾಷೆ ಬಿಟ್ಟ ಉದಾಹರಣೆ ಅಪರೂಪವಾದ್ದರಿಂದ ಎಲ್ಲರೂ ಇದನ್ನೇ ಎತ್ತಿ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಭೆಗೆ ಅಷ್ಟು ತೂಕ ಕೊಡಬಾರದು. ಮದುವೆ, ಮನೆ, ಮೇವು ಮೂರರಲ್ಲೂ ಭಾಷೆ ಆಗಲೇ ಸೋತಿತ್ತು, ಸಭೆ ಅದನ್ನು ಬಾಯಿಬಿಟ್ಟು ಹೇಳಿತು ಅಷ್ಟೆ. ‘ಯಾಕುವಿನಲ್ಲಿ ದನದ ಪದಗಳಿಲ್ಲ’ ಎಂಬ ಕಾರಣವನ್ನೂ ಹಾಗೇ ನಂಬಬೇಕಿಲ್ಲ. ಪದ ಇಲ್ಲದಿದ್ದರೆ ಎರವಲು ತಂದರಾಯಿತು. ಕನ್ನಡ ಕಾಗದವನ್ನೂ ಜಮೀನನ್ನೂ ಬಟಾಟೆಯನ್ನೂ ಹಾಗೇ ತಂದುಕೊಂಡಿದೆ. ಕೊರತೆ ಇದ್ದದ್ದು ಮಾನಕ್ಕೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಕೊರತೆ ಪದಗಳದ್ದೇ ಆಗಿದ್ದರೆ ನಿಘಂಟು ಮಾಡಿ ತುಂಬಬಹುದಿತ್ತು.

ಉಳಿದದ್ದೇನು? 1970ರ ಆಸುಪಾಸಿನಲ್ಲಿ ಬರ್ಂಡ್ ಹೈನೆ ಎಂಬ ಜರ್ಮನ್ ವಿದ್ವಾಂಸರು ಇನ್ನೂ ಭಾಷೆ ಬಲ್ಲ ಹಿರಿಯರಿಂದ ಪದಗಳನ್ನೂ ವ್ಯಾಕರಣದ ಟಿಪ್ಪಣಿಗಳನ್ನೂ ಸಂಗ್ರಹಿಸಿದರು. ಅದೇ ಇವತ್ತಿಗೂ ಬುನಾದಿ. ಆಮೇಲೆ ಬ್ರೆಂಜಿಂಗರ್ ಮತ್ತೊಂದು ಮುಖ್ಯ ಕೆಲಸ ಮಾಡಿದರು. ಭಾಷೆ ಬಿಟ್ಟವರ ಮಸಾಯಿಯೊಳಗೆ ಯಾವ ಯಾಕು ಪದಗಳು ಉಳಿದಿವೆ ಎಂದು ಹುಡುಕಿದರು. ಸಿಕ್ಕಿದ್ದು ಎಲ್ಲಿ ಗೊತ್ತೇ? ಜೇನು, ಗಿಡಮರ, ಬೇಟೆ, ಕಾಡಿನ ಪ್ರಾಣಿಗಳ ಹೆಸರುಗಳಲ್ಲಿ. ದನಗಾಹಿಗಳ ಭಾಷೆಯಲ್ಲಿ ಈ ಸೂಕ್ಷ್ಮಗಳಿಗೆ ಪದ ಇರಲಿಲ್ಲ, ಹಾಗಾಗಿ ಹಳೆಯವು ಜಾಗ ಹಿಡಿದು ಕೂತವು. 2000ದ ದಶಕದ ಮಧ್ಯದಲ್ಲಿ ಡಚ್ ಭಾಷಾಶಾಸ್ತ್ರಜ್ಞ ಮಾರ್ಟೆನ್ ಮೌಸ್, ಹಾನ್ಸ್ ಸ್ಟೋಕ್ಸ್ ಅವರೊಂದಿಗೆ ಅಲ್ಲಿಗೆ ಹೋದಾಗ ಭಾಷೆ ಬಲ್ಲವರು ಕೆಲವೇ ಮುಪ್ಪಿನವರು. ಅಷ್ಟರಲ್ಲಿ ಸಮುದಾಯದೊಳಗೇ ‘ನಾವು ಯಾಕು’ ಎಂಬ ದನಿ ಎದ್ದಿತ್ತು.

ಈಗ ಕೆಲಸದ ಮಾತು. ಭಾಷೆ ಪೂರ್ತಿ ನಿಂತುಹೋದ ಮೇಲೂ ಕಾಗದದಿಂದ ಎಬ್ಬಿಸಿದ ಉದಾಹರಣೆ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಂಪನೋಗ್ ಜನ 1993ರಿಂದ ಆ ಕೆಲಸ ಮಾಡುತ್ತಿದ್ದಾರೆ. ಆದರೆ ಅವರ ಕೈಯಲ್ಲಿ 1663ರಲ್ಲೇ ಅಚ್ಚಾದ ಇಡೀ ಬೈಬಲ್ ಅನುವಾದವಿತ್ತು, ಸ್ವಂತ ಜನರೇ ಬರೆದ ಪತ್ರ-ದಸ್ತಾವೇಜುಗಳಿದ್ದವು. ಕ್ರಿಯಾಪದ ಸಾವಿರಾರು ವಾಕ್ಯಗಳಲ್ಲಿ ಹೇಗೆಲ್ಲ ತಿರುಗುತ್ತದೆ ಎಂದು ಅಲ್ಲಿ ನೋಡಬಹುದು. ಯಾಕುವಿನಲ್ಲಿ ಅಂಥ ಬರಹರಾಶಿ ಇಲ್ಲ. ಪದಗಳಿವೆ, ವಾಕ್ಯಗಳು ಕಡಿಮೆ. ನಾಮಪದಗಳ ಪಟ್ಟಿಯಿಂದ ನಾಮಪದಗಳೇ ಬರುತ್ತವೆ. ‘ಅವನು ಬರದಿದ್ದರೆ ನಾನೇ ಹೋಗುತ್ತಿದ್ದೆ’ ಎಂಬ ವಾಕ್ಯ ಎಷ್ಟು ಉದ್ದದ ಪಟ್ಟಿಯಿಂದಲೂ ಬರುವುದಿಲ್ಲ. ಆದ್ದರಿಂದಲೇ ವಾಕ್ಯದ ಕಟ್ಟಿಗೆ ಮಸಾಯಿಯನ್ನು ಆಶ್ರಯಿಸುವುದು ಅನಿವಾರ್ಯ ಎಂದದ್ದು.

ಹಾಗೆ ಮಾಡಿದ ಸಮುದಾಯ ಪಕ್ಕದ ತಾಂಜಾನಿಯಾದಲ್ಲೇ ಇದೆ. ಉಸಂಬಾರಾ ಬೆಟ್ಟಗಳ ಎಂಬುಗು ಜನ ಆಫ್ರಿಕಾದ ದೊಡ್ಡ ಭಾಷಾಗುಂಪಾದ ಬಂಟುವಿನ ವ್ಯಾಕರಣದ ಮೇಲೆ ಎರಡು ಬಗೆಯ ಪದಸಂಪತ್ತನ್ನು ಇಟ್ಟುಕೊಂಡಿದ್ದಾರೆ. ಒಂದು ಮಾಮೂಲು, ಇನ್ನೊಂದು ಮಾ ಎಂಬ ‘ಒಳಗಿನ’ ಮಾತು. ಮಾ ಮಾತಿನ ಪದಗಳಲ್ಲಿ ಕುಶಿಟಿಕ್ ಮೂಲದವು ಬಹಳ. ವಾಕ್ಯ ಅದೇ, ಪದಗಳು ಬೇರೆ, ಗುರುತು ತಮ್ಮದು. ಇದನ್ನು ವಿವರವಾಗಿ ಬರೆದವರೂ ಮೌಸ್ ಅವರೇ. ಯಾಕು ತರುಣರು ಮಸಾಯಿ ವಾಕ್ಯದಲ್ಲಿ ಅಜ್ಜನ ಪದಗಳನ್ನು ಕೂರಿಸಿ ಆಡುತ್ತಿದ್ದರೆ ‘ಇದು ಶುದ್ಧವಲ್ಲ’ ಎಂದು ಬಾಯಿ ಮುಚ್ಚಿಸಬೇಡಿ ಎನ್ನುವುದಕ್ಕೆ ಇದೇ ಆಧಾರ. ಪದ ಇಲ್ಲದೆಯೂ ಗುರುತು ಉಳಿಯುತ್ತದೆ ಎಂಬುದೂ ನಿಜ. ಇಥಿಯೋಪಿಯಾದ ಗೊಂಡರ್ ಸೀಮೆಯ ಕೆಮಾಂಟ್ ಜನ 1994ರ ಜನಗಣತಿಯಲ್ಲಿ ಸುಮಾರು 1,72,000, ಅವರಲ್ಲಿ ತಮ್ಮ ಕುಶಿಟಿಕ್ ಭಾಷೆಯನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 1,650. ಆದರೆ ಮಕ್ಕಳಿಗೆ ಭಾಷೆ ಬೇಕು ಎಂದು ಸಮುದಾಯ ಕೇಳುತ್ತಿರುವಾಗ ಈ ಸಮಾಧಾನ ಹೇಳಿ ಕೂರಿಸುವುದು ಸರಿಯಲ್ಲ.

ದಾಖಲಾತಿ ಶುರುವಾಗುವುದು ಹೊಸ ಪಟ್ಟಿಯಿಂದಲ್ಲ, ಹಳೆಯ ಪಟ್ಟಿಯನ್ನು ಹಿರಿಯರ ಮುಂದೆ ಓದುವುದರಿಂದ. 1970ರ ಪದವನ್ನು ಹೇಳಿದಾಗ ಮೂರು ಬಗೆಯ ಪ್ರತಿಕ್ರಿಯೆ ಬರುತ್ತದೆ. ‘ಹೌದು’, ‘ಹಾಗಲ್ಲ, ಹೀಗೆ’, ಇಲ್ಲವೇ ಮೌನ. ಮೂರನ್ನೂ ಬರೆದಿಟ್ಟುಕೊಳ್ಳಬೇಕು. ಮೌನ ಎಂದರೆ ಪದ ತಪ್ಪು ಎಂದಲ್ಲ, ಇವರ ಮನೆಯಲ್ಲಿ ಆಡುತ್ತಿರಲಿಲ್ಲ ಎಂದಿರಬಹುದು, ನಾವು ಉಚ್ಚರಿಸಿದ್ದು ತಪ್ಪಿರಬಹುದು. ನಿರರ್ಗಳವಾಗಿ ಆಡುವವರು, ಅರ್ಥವಾಗುತ್ತದೆ ಆದರೆ ತಡವರಿಸುವವರು, ಪದ ಮಾತ್ರ ನೆನಪಿರುವವರು, ಈ ಮೂವರನ್ನು ಮೊದಲೇ ಬೇರೆಬೇರೆ ಗುರುತಿಸಿಕೊಳ್ಳದಿದ್ದರೆ ಮುಂದೆ ದೊಡ್ಡ ಗೊಂದಲವಾಗುತ್ತದೆ. ಪದ ಮಾತ್ರ ನೆನಪಿರುವವರನ್ನು ಕ್ರಿಯಾಪದದ ರೂಪ ಕೇಳಿದರೆ ಅವರು ಪಾಪ, ನಿಮ್ಮನ್ನು ಬರಿಗೈಯಲ್ಲಿ ಕಳಿಸಲಾರದೆ ಮಸಾಯಿಯ ಅಚ್ಚಿನಲ್ಲಿ ಒಂದನ್ನು ಕಟ್ಟಿ ಕೊಡುತ್ತಾರೆ. ಅದು ಪುಸ್ತಕಕ್ಕೆ ಹೋಗಿ ಯಾಕು ವ್ಯಾಕರಣವಾಗಿಬಿಡುತ್ತದೆ.

ಎಷ್ಟೋ ದಶಕ ಆಡದ ಮಾತನ್ನು ನೆನಪಿಗೆ ತರಿಸುವುದು ವಿಚಾರಣೆಯಿಂದ ಆಗುವ ಕೆಲಸವಲ್ಲ. ‘ಇದಕ್ಕೆ ನಿಮ್ಮಲ್ಲಿ ಏನಂತಾರೆ, ಅದಕ್ಕೇನಂತಾರೆ’ ಎಂದು ಸಾಲಾಗಿ ಕೇಳಿದರೆ ಹತ್ತು ನಿಮಿಷದಲ್ಲಿ ತಲೆ ಖಾಲಿಯಾಗುತ್ತದೆ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಬೇಕು. ಒಬ್ಬರ ಪದ ಇನ್ನೊಬ್ಬರ ನೆನಪನ್ನು ಎಳೆಯುತ್ತದೆ, ಜಗಳವೂ ಆಗುತ್ತದೆ, ಆ ಜಗಳದಲ್ಲೇ ಒಳ್ಳೆಯ ವಾಕ್ಯಗಳು ಬರುತ್ತವೆ. ಇನ್ನೂ ಒಳ್ಳೆಯದು ನಡೆದುಕೊಂಡು ಹೋಗುವುದು. ಗಿಡದ ಮುಂದೆ ನಿಂತಾಗ ಗಿಡದ ಹೆಸರು, ಅದರ ತೊಗಟೆಯ ಉಪಯೋಗ, ಅಲ್ಲಿ ಕಟ್ಟಿದ್ದ ಗೂಡಿನ ಕತೆ ಒಂದರ ಹಿಂದೆ ಒಂದು ಬರುತ್ತವೆ. ಒಂದು ಕೂರಿಕೆ ನಲವತ್ತೈದು ನಿಮಿಷ ದಾಟಬಾರದು, ವಯಸ್ಸಾದವರು ಸುಸ್ತಾದ ಮೇಲೆ ಕೊಡುವ ಉತ್ತರ ನಂಬುವಂತಿರುವುದಿಲ್ಲ.

ಜೇನಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾಕುವಿನ ಅತಿ ಶ್ರೀಮಂತ ಮೂಲೆ ಇದು, ತಪ್ಪು ಆಗುವುದೂ ಇಲ್ಲೇ. ಕೀನ್ಯಾದ ರಾಷ್ಟ್ರಭಾಷೆಯಾದ ಸ್ವಾಹಿಲಿಯಲ್ಲಿ ಜೇನುಹುಳುವಿಗೆ ‘ನ್ಯೂಕಿ’, ತುಪ್ಪಕ್ಕೆ ‘ಅಸಾಲಿ’. ಈ ಎರಡು ಪದ ಹಿಡಿದು ಕೇಳಿದವನಿಗೆ ಎರಡೇ ಉತ್ತರ ಸಿಗುತ್ತವೆ. ನಮ್ಮ ಮಲೆನಾಡಿಗೆ ಬಂದು ಯಾರೋ ‘ಜೇನಿಗೆ ಏನಂತೀರಿ’ ಎಂದು ಕೇಳಿ, ‘ಜೇನು’ ಎಂದು ಬರೆದುಕೊಂಡು ಹೋದಂತೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಒಂದೂ ಅವನ ಪುಸ್ತಕಕ್ಕೆ ಬೀಳುವುದಿಲ್ಲ. ಪೂರ್ವ ಆಫ್ರಿಕಾದಲ್ಲೂ ಕುಟುಕುವ ಜೇನಿದೆ, ಕುಟುಕದ ಸಣ್ಣ ಜೇನಿದೆ, ಮನುಷ್ಯರನ್ನು ಗೂಡಿನತ್ತ ಕರೆದೊಯ್ಯುವ ಹಕ್ಕಿಯೂ ಇದೆ. ಕೇಳಬೇಕಾದದ್ದು ಕೆಲಸದ ಸರಣಿಯನ್ನು. ಗೂಡಿಗೆ ಯಾವ ಮರ? ಅದನ್ನು ಟೊಳ್ಳು ಮಾಡುವ ಹತಾರ ಯಾವುದು? ಎರಡು ತುದಿಯ ಮುಚ್ಚಳಕ್ಕೆ ಏನು ಹೆಸರು, ಹುಳು ಒಳಹೋಗುವ ತೂತಿಗೆ ಏನು? ಕೊಂಬೆಗೆ ತೂಗುಹಾಕುವುದು ಹೇಗೆ? ಹೊಗೆಗೆ ಯಾವ ಸೊಪ್ಪು? ಮರಿ ಇರುವ ತಟ್ಟಿ, ತುಪ್ಪ ತುಂಬಿದ ತಟ್ಟಿ, ಖಾಲಿ ತಟ್ಟಿ, ಇವಕ್ಕೆ ಬೇರೆಬೇರೆ ಪದವಿದೆಯೇ? ಜೇನುಹುಳುಗಳ ಕುಟುಂಬ ಪಾಲಾದರೆ ಏನಂತಾರೆ, ಗೂಡು ಬಿಟ್ಟು ಓಡಿಹೋದರೆ ಏನಂತಾರೆ? ಬೇರೆಯವನ ಗೂಡಿಗೆ ಕೈಹಾಕಿದವನಿಗೆ ಏನಂತಾರೆ? ಹೀಗೆ ಕೇಳಿದರೆ ನಾಮಪದದ ಜೊತೆಗೆ ಕೊರೆ, ಕಟ್ಟು, ಊದು, ಇಳಿಸು, ಹಿಂಡು ಎಂಬ ಕ್ರಿಯಾಪದಗಳೂ ಬರುತ್ತವೆ. ಪದಪಟ್ಟಿಯವರು ಬಿಟ್ಟುಬರುವುದು ಇವನ್ನೇ.

ಇನ್ನೊಂದು ಸೂಕ್ಷ್ಮ. ಪೂರ್ವ ಕುಶಿಟಿಕ್ ಭಾಷೆಗಳಲ್ಲಿ ಅನೇಕ ಪದಗಳ ಮೂಲರೂಪ ಗುಂಪನ್ನೇ ಹೇಳುತ್ತದೆ, ‘ಒಂದೇ ಒಂದು’ ಎನ್ನಬೇಕಾದಾಗ ಪ್ರತ್ಯಯ ಸೇರುತ್ತದೆ. ನಮಗೆ ಒಂದಕ್ಕೆ ಚಿಕ್ಕ ರೂಪ, ಬಹಳಕ್ಕೆ ‘ಗಳು’ ಸೇರಿದ ಉದ್ದ ರೂಪ. ಅಲ್ಲಿ ಇದು ತಿರುಗುಮುರುಗಾಗಬಹುದು. ಹುಳು, ಕಾಳು, ಕೂದಲಿನಂಥ ಪದಗಳನ್ನು ಕೇಳುವಾಗ ಒಂದು, ಕೆಲವು, ರಾಶಿ ಎಂದು ಮೂರು ಸಲ ತೋರಿಸಿ ಕೇಳದಿದ್ದರೆ ನಿಘಂಟಿನಲ್ಲಿ ಏಕವಚನ-ಬಹುವಚನ ಅದಲುಬದಲಾಗುತ್ತದೆ. ಕ್ರಿಯಾಪದಕ್ಕೆ ಬಂದಾಗ ‘ನಾನು ಹೋಗುತ್ತೇನೆ, ನೀನು ಹೋಗುತ್ತೀಯ’ ಎಂದು ಮಗ್ಗಿ ಹೇಳಿಸಬೇಡಿ. ಆಜ್ಞೆಯಿಂದ ಶುರುಮಾಡಿ. ಬಾ, ಕೂರು, ಕೊಡು, ತಗೋ. ಮನೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದದ್ದು ಅವೇ, ಕೊನೆಗೆ ಮರೆಯುವುದೂ ಅವೇ. ಪ್ರತಿ ಕ್ರಿಯಾಪದಕ್ಕೂ ನಿಷೇಧ ಮತ್ತು ಭೂತಕಾಲವನ್ನು ಅದೇ ದಿನ ಕೇಳಿಬಿಡಬೇಕು, ನಾಳೆಗೆ ಇಟ್ಟರೆ ನಾಳೆ ಬೇರೆ ಪದದ ನೆನಪು ಇರುತ್ತದೆ.

ಧ್ವನಿಮುದ್ರಣಕ್ಕೆ ಎಂಪಿ3 ಸಾಲದು. 48 ಕಿಲೋಹರ್ಟ್ಜ್, 24 ಬಿಟ್, ವೇವ್ (ದನಿಯನ್ನು ಕುಗ್ಗಿಸದೆ ಇಡುವ .wav) ಕಡತ ಇರಲಿ. ಒಂದೇ ಮೈಕ್ ಆದರೆ ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. ಮೈಕ್ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಬಯಲಿನಲ್ಲಿ ಗಾಳಿ ತಡೆಯಲು ತುಪ್ಪಳದ ಹೊದಿಕೆ ಬೇಕೇ ಬೇಕು. ಬಿಡಿ ಪದವನ್ನು ಮೂರು ಸಲ ಹೇಳಿಸಬೇಕು. ಮೊದಲನೆಯದರಲ್ಲಿ ತಡವರಿಕೆ, ಕೊನೆಯದರಲ್ಲಿ ಪಟ್ಟಿ ಮುಗಿಯುವ ಇಳಿದನಿ ಸೇರಿಕೊಳ್ಳುವುದರಿಂದ ನಡುವಿನದೇ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದಾದ ಮೇಲೆ ಒಂದು ವಾಕ್ಯದೊಳಗೆ ಇಟ್ಟು ಹೇಳಿಸಬೇಕು. ಬರಹಕ್ಕಿಳಿಸಲು ಎಲಾನ್ ಎಂಬ ಉಚಿತ ತಂತ್ರಾಂಶವಿದೆ, ದನಿಯ ಅಲೆಯ ಕೆಳಗೇ ಮಾತು, ಪದಾರ್ಥ, ಅನುವಾದ ಸಾಲಾಗಿ ಬರೆಯಬಹುದು. ಒಂದು ನಿಮಿಷದ ಸಹಜ ಮಾತಿಗೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಎಷ್ಟೋ ಯೋಜನೆಗಳು ನಿಲ್ಲುವುದು ಇಲ್ಲೇ. ನೂರು ಗಂಟೆ ಮುದ್ರಿಸಿ ಬರುತ್ತಾರೆ, ಐದು ಗಂಟೆ ಬರಹಕ್ಕಿಳಿಯುವಷ್ಟರಲ್ಲಿ ಹಣ ಮುಗಿದಿರುತ್ತದೆ, ಕೇಳಿ ಅರ್ಥ ಹೇಳಬೇಕಾದ ಹಿರಿಯರೂ ತೀರಿಕೊಂಡಿರುತ್ತಾರೆ. ಹತ್ತೇ ಗಂಟೆ ಮುದ್ರಿಸಿ ಹತ್ತನ್ನೂ ಬರೆದಿಡುವುದು ಲೇಸು. ಪ್ರತಿ ಮುದ್ರಣದ ಮೊದಲಲ್ಲಿ ದಿನಾಂಕ, ಊರು, ಯಾರು, ಇದನ್ನು ಯಾರು ಕೇಳಬಹುದು ಎಂಬುದನ್ನು ಆ ಹಿರಿಯರ ದನಿಯಲ್ಲೇ ಹೇಳಿಸಿ. ಮೂರು ಪ್ರತಿ ಮಾಡಿ ಮೂರು ಬೇರೆ ಜಾಗದಲ್ಲಿಡಿ, ಒಂದು ಪ್ರತಿ ಆ ಮನೆಯಲ್ಲೇ ಇರಲಿ.

ಕಲಿಕೆಗೆ ಬಂದರೆ, ಇಷ್ಟು ಕಡಿಮೆ ಜನ ಉಳಿದಿರುವಾಗ ತರಗತಿಗಿಂತ ಗುರು-ಶಿಷ್ಯ ಜೋಡಿ ಮೇಲು. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಗಳಿಗಾಗಿ 1990ರ ದಶಕದ ಆರಂಭದಲ್ಲಿ ಭಾಷಾಶಾಸ್ತ್ರಜ್ಞೆ ಲಿಯನ್ ಹಿಂಟನ್ ಮತ್ತು ಅಲ್ಲಿನ ಸಮುದಾಯದವರು ರೂಪಿಸಿದ ಕ್ರಮ ಇದು. ಒಬ್ಬ ಹಿರಿಯರು, ಒಬ್ಬ ತರುಣ ಅಥವಾ ತರುಣಿ, ವಾರಕ್ಕೆ 10ರಿಂದ 20 ಗಂಟೆ, ಮೂರು ವರ್ಷ. ಹತ್ತು ಗಂಟೆಯನ್ನೇ ಹಿಡಿದರೂ ವರ್ಷಕ್ಕೆ 50 ವಾರದಂತೆ 1,500 ಗಂಟೆ ಆಯಿತು. ಆ ಹೊತ್ತಿನಲ್ಲಿ ಬೇರೆ ಭಾಷೆ ಆಡುವಂತಿಲ್ಲ. ಅನುವಾದವಿಲ್ಲ, ಸನ್ನೆ ಇದೆ, ಕೈಯಲ್ಲಿ ಕೆಲಸವಿದೆ, ಅಡುಗೆಯೋ ಸೌದೆಯೋ ಗೂಡು ನೋಡುವುದೋ. ಕಲಿಯುವವರು ಮೊದಲ ವಾರ ಬಾಯಿಪಾಠ ಮಾಡಬೇಕಾದದ್ದು ಎಣಿಕೆಯನ್ನಲ್ಲ, ಆಸರೆಯ ಮಾತುಗಳನ್ನು: ಇದೇನು, ಮತ್ತೆ ಹೇಳಿ, ನಿಧಾನವಾಗಿ ಹೇಳಿ, ನನಗೆ ತೋರಿಸಿ. ಇವಿಲ್ಲದಿದ್ದರೆ ಇಪ್ಪತ್ತು ನಿಮಿಷಕ್ಕೆಲ್ಲ ಇಬ್ಬರೂ ಮಸಾಯಿಗೆ ಜಾರುತ್ತಾರೆ. ಜಾರುವುದು ಸೋಮಾರಿತನದಿಂದಲ್ಲ. ಎದುರಿಗಿರುವವನಿಗೆ ಅರ್ಥವಾಗದ್ದನ್ನು ಆಡುವುದು ಅಜ್ಜಂದಿರಿಗೆ ಅವಮರ್ಯಾದೆ ಅನ್ನಿಸುತ್ತದೆ.

ಇಬ್ಬರಿಗೂ ಹಣ ಕೊಡಬೇಕು. ಹಿರಿಯರ ಹತ್ತು ಗಂಟೆ ಎಂದರೆ ಆಡು ಕಾಯುವವರು ಇನ್ನೊಬ್ಬರು ಬೇಕು ಎಂದರ್ಥ. ತರುಣರ ಹತ್ತು ಗಂಟೆ ಎಂದರೆ ಅಷ್ಟು ಕೂಲಿ ಹೋಯಿತು. ಲೈಕಿಪಿಯಾದಲ್ಲಿ ಮಳೆ ಕೈಕೊಟ್ಟ ವರ್ಷ ಹುಡುಗರು ದನ ಹೊಡೆದುಕೊಂಡು ತಿಂಗಳುಗಟ್ಟಲೆ ದೂರ ಹೋಗುತ್ತಾರೆ. ವೇಳಾಪಟ್ಟಿಯನ್ನು ಮಳೆಗೆ ಹೊಂದಿಸದೆ ಶಾಲೆಯ ಕ್ಯಾಲೆಂಡರಿಗೆ ಹೊಂದಿಸಿದ ಯೋಜನೆ ಮೊದಲ ಬರಗಾಲಕ್ಕೇ ಮುರಿಯುತ್ತದೆ. ಯಾಕುವಿನಲ್ಲಿ ಈವರೆಗೆ ಕಂಡ ನಿಜವಾದ ಫಲವೂ ಇಂಥ ಜೋಡಿಯಿಂದಲೇ ಬಂದದ್ದು. ಅಜ್ಜನ ಹತ್ತಿರ ಕೂತು ಕಲಿತು, ತಾನೇ ಮಕ್ಕಳಿಗೆ ಹೇಳಿಕೊಡುತ್ತಿರುವ ತರುಣಿಯೊಬ್ಬರಿದ್ದಾರೆ.

ಶಾಲೆಯ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಕೀನ್ಯಾದ 2010ರ ಸಂವಿಧಾನದ 7ನೇ ವಿಧಿ ದೇಶದ ಭಾಷಾ ವೈವಿಧ್ಯವನ್ನು ಕಾಪಾಡುವುದು, ಮೂಲನಿವಾಸಿ ಭಾಷೆಗಳನ್ನು ಬೆಳೆಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಕೆಳ ತರಗತಿಗಳಲ್ಲಿ ಆಯಾ ಸೀಮೆಯ ಭಾಷೆಯಲ್ಲಿ ಕಲಿಸಬೇಕೆಂಬ ನೀತಿಯೂ ಇದೆ. ಆದರೆ ಮುಕೊಗೊಡೊದಲ್ಲಿ ಸೀಮೆಯ ಭಾಷೆ ಎಂದರೆ ಮಸಾಯಿ. ವಾರಕ್ಕೆ ಅರ್ಧ ಗಂಟೆಯ ಯಾಕು ಪಾಠದಿಂದ ಎಣಿಕೆ, ಪ್ರಾಣಿಗಳ ಹೆಸರು, ಎರಡು ಹಾಡು ಬರುತ್ತವೆ. ಮಕ್ಕಳಿಗೆ ಹೆಮ್ಮೆ ಬರುತ್ತದೆ, ಡೊರೊಬೊ ಎಂಬ ಹೀಯಾಳಿಕೆ ಎದುರಿಸಿದ ಸಮುದಾಯಕ್ಕೆ ಅದು ಸಣ್ಣದಲ್ಲ. ಅದರಿಂದ ಮಾತು ಮಾತ್ರ ಬರುವುದಿಲ್ಲ.

ಲಿಪಿ ಅಲ್ಲಿ ರೋಮನ್ನೇ ಆಗಬೇಕು, ಸ್ವಾಹಿಲಿಗೂ ಮಸಾಯಿಗೂ ಮಕ್ಕಳು ಕಲಿತ ಅಕ್ಷರ ಅದು. ದೀರ್ಘ ಸ್ವರಕ್ಕೆ ಅಕ್ಷರ ಎರಡು ಸಲ ಬರೆಯುವ ಪದ್ಧತಿ ಸಾಕು. ಪಂಡಿತರ ಧ್ವನಿಚಿಹ್ನೆಗಳನ್ನು ಬಾಲಬೋಧೆಗೆ ತರಬಾರದು. ಅಚ್ಚಿಗೆ ಕೊಡುವ ಮುನ್ನ ಸರಳ ಪರೀಕ್ಷೆ ಮಾಡಿ. ಹತ್ತು ಪದ ಬರೆದು, ಆ ಪದ ಗೊತ್ತಿಲ್ಲದ ಹತ್ತು ಮಕ್ಕಳಿಂದ ಓದಿಸಿ, ಹಿರಿಯರಿಗೆ ಅರ್ಥವಾಯಿತೇ ನೋಡಿ. ಏಳಕ್ಕಿಂತ ಕಡಿಮೆ ಮಕ್ಕಳದ್ದು ಅರ್ಥವಾದರೆ ಬರಹದ ನಿಯಮ ಬದಲಿಸಬೇಕು. ಮೊಬೈಲು, ಬೈಕು, ಆಸ್ಪತ್ರೆಗೆ ಹೊಸ ಯಾಕು ಪದ ಟಂಕಿಸುವ ಉತ್ಸಾಹ ಎಲ್ಲ ಕಡೆ ಕಾಣುತ್ತದೆ. ಸ್ವಾಹಿಲಿ ಪದಗಳನ್ನೇ ಇಟ್ಟುಕೊಳ್ಳಿ. ಹಿರಿಯರಿಗೆ ಉಳಿದಿರುವ ಸಮಯ ಅಂಥ ಚರ್ಚೆಗೆ ಖರ್ಚಾಗಬಾರದು.

ಕಾಡಿನ ಮಾತು ಬಿಟ್ಟು ಈ ಭಾಷೆಯ ಮಾತಾಡಲಾಗುವುದಿಲ್ಲ. ಮುಕೊಗೊಡೊ ಕಾಡು ಸುಮಾರು 30,000 ಹೆಕ್ಟೇರು, ದೇವದಾರು ಜಾತಿಯ ಮರ ಮತ್ತು ಕಾಡು ಆಲಿವ್ ಬೆಳೆಯುವ ಒಣ ಕಾಡು. ಅದರ ಉಸ್ತುವಾರಿಯನ್ನು ಕೀನ್ಯಾ ಅರಣ್ಯ ಇಲಾಖೆಯೊಂದಿಗೆ ಇಲ್ಮಾಮುಸಿ ಎಂಬ ಸ್ಥಳೀಯ ಅರಣ್ಯ ಸಂಘ ನೋಡಿಕೊಳ್ಳುತ್ತದೆ. ಗೂಡು ಕಟ್ಟಲು, ಇಳಿಸಲು ಕಾಡಿಗೆ ಹೋಗುವುದು ನಿಂತರೆ ಉಳಿದ ಪದಗಳೂ ನಿಲ್ಲುತ್ತವೆ. ಇಲ್ಲೊಂದು ಎಚ್ಚರಿಕೆ. ಜೀವನೋಪಾಯದ ಹೆಸರಿನಲ್ಲಿ ಕೊರೆದ ದಿಮ್ಮಿಯ ಗೂಡಿನ ಬದಲು ಚೌಕಟ್ಟಿನ ಪೆಟ್ಟಿಗೆ ಹಂಚುವುದುಂಟು. ತುಪ್ಪ ಹೆಚ್ಚು ಬರುತ್ತದೆ ನಿಜ. ಆದರೆ ದಿಮ್ಮಿಯ ಭಾಗಗಳ, ಕೊರೆಯುವ ಹತಾರದ, ತೂಗುಹಾಕುವ ಬಗೆಯ ಪದಗಳೆಲ್ಲ ಒಂದೇ ಏಟಿಗೆ ನಿರುದ್ಯೋಗಿಗಳಾಗುತ್ತವೆ, ಪೆಟ್ಟಿಗೆಯ ಭಾಗಗಳಿಗೆ ಇಂಗ್ಲಿಷ್ ಪದ ಬಂದು ಕೂರುತ್ತವೆ. ಪೆಟ್ಟಿಗೆ ಬೇಡ ಎನ್ನುತ್ತಿಲ್ಲ. ಪ್ರತಿ ಮನೆಯವರೂ ಎರಡಾದರೂ ದಿಮ್ಮಿ ಗೂಡು ಉಳಿಸಿಕೊಳ್ಳಲಿ, ಪೆಟ್ಟಿಗೆಯ ಭಾಗಗಳಿಗೆ ದಿಮ್ಮಿಯ ಹಳೆಯ ಪದಗಳನ್ನೇ ಹಚ್ಚಲಿ. ಹಳೆಯ ಮುಚ್ಚಳದ ಪದ ಹೊಸ ಮುಚ್ಚಳಕ್ಕೂ ಒಪ್ಪುತ್ತದೆ.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಪೂರ್ವ ಆಫ್ರಿಕಾದಲ್ಲೇ ಸಾಕ್ಷಿಯಿದೆ. ತಾಂಜಾನಿಯಾದ ಆಸಾಖ್ ಕೂಡ ಬೇಟೆಗಾರರ ಕುಶಿಟಿಕ್ ಭಾಷೆ, ಅದೂ ಮಸಾಯಿಗೆ ದಾರಿಬಿಟ್ಟದ್ದು. ಅದರ ಕೊನೆಯ ಭಾಷಿಕರು 1976ರಲ್ಲಿ ತೀರಿಕೊಂಡರು. ತುರ್ಕಾನಾ ಸರೋವರದ ದಂಡೆಯ ಎಲ್ಮೊಲೊ ಮೀನುಗಾರರು ಮಸಾಯಿಗೆ ಹತ್ತಿರದ ಸಂಬುರು ಭಾಷೆಗೆ ಹೊರಳಿದರು. ಅಲ್ಲಿಯೂ ಬ್ರೆಂಜಿಂಗರ್ ಉಳಿದ ಪದಗಳನ್ನು ಹುಡುಕಿದ್ದಾರೆ.

ಇನ್ನು ನಿಮ್ಮ ಕೊರಗ ಮಕ್ಕಳ ವಿಷಯ. ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು, ಏಕೆಂದರೆ ನಿಮ್ಮ ಸ್ಥಿತಿ ಯಾಕುವಿಗಿಂತ ಎಷ್ಟೋ ಮೇಲು. ಕೊರಗ ಭಾಷೆ ಇನ್ನೂ ಮನೆಗಳಲ್ಲಿ ಆಡುವ ಮಾತು. ಅದರ ವಿವರಣೆಯನ್ನು ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಪ್ರಕಟಿಸಿದ್ದಾರೆ, ಹೆಚ್ಚೂಕಡಿಮೆ ಹೈನೆ ಯಾಕು ಟಿಪ್ಪಣಿ ಮಾಡಿದ ಹೊತ್ತಿಗೇ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ದಾಖಲಾತಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಯೋಜನೆ 2013ರಿಂದ ಇದೆ. ಹೋಲುವುದು ಹೀಯಾಳಿಕೆ. ಕೊರಗರನ್ನು ಕೀಳೆಂದು ಕಂಡು ಅವಮಾನದ ಆಚರಣೆಗಳಿಗೆ ಬಳಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಆ ನೋವಿನ ನೆನಪಿರುವ ಅಪ್ಪ-ಅಮ್ಮ ಮಕ್ಕಳೊಡನೆ ತುಳು ಅಥವಾ ಕನ್ನಡ ಆಡಿದರೆ ಅವರನ್ನು ದೂರುವಂತಿಲ್ಲ.

ಆದ್ದರಿಂದ ನಿಮ್ಮ ಕಡೆಯಿಂದ ಮಾಡಬಹುದಾದದ್ದು ಮೊದಲಿಗೆ ತರಗತಿಯಲ್ಲಿ. ಮಗು ಕೊರಗ ಪದ ಆಡಿದರೆ ತಿದ್ದಬೇಡಿ, ಕನ್ನಡದ ಪದದ ಪಕ್ಕದಲ್ಲೇ ಅದನ್ನೂ ಬೋರ್ಡಿನ ಮೇಲೆ ಬರೆಯಿರಿ. ಕನ್ನಡ ಲಿಪಿ ಮಕ್ಕಳಿಗೆ ಬರುವುದರಿಂದ ಹೊಸ ಅಕ್ಷರ ಹುಡುಕುವ ತೊಂದರೆ ನಿಮಗಿಲ್ಲ. ಕೊರಗದಲ್ಲಿ ಒಳಭೇದಗಳಿವೆ, ಒಂದು ಮನೆಯ ಮಾತು ಇನ್ನೊಂದು ಮನೆಗೆ ತಪ್ಪಾಗಿ ಕೇಳಬಹುದು. ಎರಡನ್ನೂ ಬರೆಯಿರಿ, ಯಾವ ಮನೆಯದು ಎಂದು ಪಕ್ಕದಲ್ಲಿ ಗುರುತು ಹಾಕಿ, ಒಂದನ್ನು ‘ಸರಿ’ ಮಾಡಲು ಹೋಗಬೇಡಿ. ಯಾಕು ಜನರಿಗೆ ಜೇನಿದ್ದಂತೆ ಇವರಿಗೆ ಬುಟ್ಟಿ ಹೆಣೆಯುವ ಕೆಲಸವಿದೆ. ಆದರೆ ಮನೆಯವರ ಒಪ್ಪಿಗೆ ಮೊದಲು ಕೇಳಿ. ಆ ಕಸುಬನ್ನೇ ಹಿಡಿದು ಅವರನ್ನು ಗುರುತಿಸುವುದು ಕೆಲವರಿಗೆ ಇಷ್ಟವಿರುವುದಿಲ್ಲ. ಒಪ್ಪಿದರೆ ಒಬ್ಬ ಅಜ್ಜಿಯ ಹತ್ತಿರ ಇಬ್ಬರು ಮಕ್ಕಳನ್ನು ಕೂರಿಸಿ, ಬುಟ್ಟಿ ಹೆಣೆಯುವ ಕಾಡುಬಳ್ಳಿ, ಅಂದರೆ ಬೀಳು, ತರುವುದರಿಂದ ಬಾಯಂಚು ಕಟ್ಟುವವರೆಗೆ ಒಂದೊಂದು ಹಂತಕ್ಕೂ ‘ಈಗ ಏನು ಮಾಡುತ್ತಿದ್ದೀರಿ’ ಎಂದು ಮಕ್ಕಳಿಂದಲೇ ಕೊರಗದಲ್ಲಿ ಕೇಳಿಸಿ. ಫೋನಿನಲ್ಲಿ ಮುದ್ರಿಸುವುದಾದರೆ ವೇವ್ ಕಡತ ಕೊಡುವ ಆ್ಯಪ್ ಹಾಕಿಕೊಳ್ಳಿ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಅಜ್ಜಿಯ ಪಕ್ಕದ ಚಾಪೆಯ ಮೇಲೆ, ಬೀಳು ಸವರುವ ಸದ್ದು ಬೀಳದಷ್ಟು ದೂರದಲ್ಲಿಡಿ. ಅರ್ಧ ಗಂಟೆ ಸಾಕು, ಮುಂದಿನದನ್ನು ಇದು ಬರಹಕ್ಕಿಳಿದ ಮೇಲೆ ನೋಡಿದರಾಯಿತು.